ಹದಿನಾಲ್ಕನೆಯವರ ಬಲಗೈ

ಮೊದಲ ದಿನ ನಾನು ಚಾಚಿದ ಕೈಯನ್ನು ಅಥೋಲ್ ವಿಕರಿ ಹಿಡಿಯಲಿಲ್ಲ. ಬಲಗೈಯನ್ನು ಕೋಟಿನ ಜೇಬಿನಲ್ಲೇ ಇಟ್ಟುಕೊಂಡು, ಗದ್ದವನ್ನು ಒಂದಿಷ್ಟು ಮೇಲೆತ್ತಿ, "ಹ್ಞೂಂ, ಎಲ್ಲಿ ಕೂರ್ಬೇಕಮ್ಮ?" ಎಂದರು. ಗೀವ್ಸ್‌ಟನ್ ಕಡೆಯ ಕಾಡೂರಿನ ಮುದುಕರೆಲ್ಲ ಹೀಗೇ, ಮರದ ದಿಮ್ಮಿಗಳ ಜೊತೆ ಬಾಳಿ ಬಾಳಿ ಮನುಷ್ಯರ ರೀತಿನೀತಿ ಮರೆತಿರುತ್ತಾರೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದರಲ್ಲೂ ಗಾಳಿಗೆ ಚಾಚಿದ ಕೈಯನ್ನು ಸುಮ್ಮನೆ ಮಡಚಿಕೊಳ್ಳಬೇಕಾಗಿ ಬಂದರೆ ಕೇಳುವುದೇ ಬೇಡ.

ನನ್ನ ಕೆಲಸ ಹೋಬಾರ್ಟ್‌ನ ಒಂದು ಪ್ರಯೋಗಶಾಲೆಯಲ್ಲಿ. ಕಣ್ಣು ಮುಚ್ಚುವ ಹೆಡ್‌ಸೆಟ್ ಹಾಕಿಕೊಂಡು, ಕಂಪ್ಯೂಟರ್ ಕಟ್ಟಿದ ಇಲ್ಲದ ಲೋಕದೊಳಗೆ ಹೋದವರಿಗೆ ಅಲ್ಲಿನ ವಸ್ತುಗಳನ್ನು ಯಾವ ರೀತಿಯಲ್ಲಿ ಮುಟ್ಟಿದರೆ ಹಿತ, ಯಾವ ರೀತಿಯಲ್ಲಿ ಮುಟ್ಟಿದರೆ ಕಿರಿಕಿರಿ ಎಂದು ಅಳೆಯುವುದು. ಆ ಚಳಿಗಾಲದ ಪ್ರಯೋಗಕ್ಕೆ ನಾಲ್ಕು ಮಂಗಳವಾರಗಳನ್ನು ಗೊತ್ತುಮಾಡಿದ್ದೆವು. ಮೊದಲ ವಾರ ಗುಂಡಿಗಳಿರುವ ಕಂಟ್ರೋಲರ್ ಹಿಡಿದುಕೊಂಡು. ಎರಡನೆಯ ವಾರ ಬರೀ ಕಣ್ಣೋಟದಿಂದ. ಮೂರು ಮತ್ತು ನಾಲ್ಕನೆಯ ವಾರ ಬರಿಗೈಯಿಂದ. ಕ್ಯಾಮೆರಾಗಳು ನಿಮ್ಮ ಕೈಯನ್ನು ನೋಡಿ ಆ ಲೋಕದಲ್ಲೊಂದು ಕೈ ಬರೆಯುತ್ತವೆ, ನೀವು ಆಡಿಸಿದಂತೆ ಅದು ಆಡುತ್ತದೆ. ಮಾಡಬೇಕಾದ ಕೆಲಸ ಮಾತ್ರ ನಾಲ್ಕೂ ವಾರ ಒಂದೇ. ಒಂದು ಅಡುಗೆಮನೆ, ಒಂದು ಮೇಜು, ಎದುರಿಗೆ ಹಸಿರು ಅಂಗಿಯ ಹೆಂಗಸು. ಅವಳು ಕೈ ಚಾಚುತ್ತಾಳೆ, ಕೈಕುಲುಕಬೇಕು. ಆಮೇಲೆ ಇಬ್ಬರಿಗೂ ಚಹಾದ ಕಪ್ಪು, ಚಮಚ, ಹಾಲಿನ ಜಗ್ ಜೋಡಿಸಬೇಕು. ಅಷ್ಟೇ.

ನಮ್ಮ ಕಸುಬಿನಲ್ಲಿ ಎರಡು ಕಟ್ಟುಪಾಡುಗಳಿವೆ. ಬಂದವರು ಆ ಹೊತ್ತಿನಲ್ಲಿ ಮನಸ್ಸಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತಲೇ ಇರಬೇಕು, ನಾವು ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿರಬೇಕು. ಅವರು ತೀರಾ ಸುಮ್ಮನಾಗಿಬಿಟ್ಟರೆ ಮೈಕಿನಲ್ಲಿ ಒಂದೇ ಒಂದು ವಾಕ್ಯ: "ಅನ್ನಿಸಿದ್ದನ್ನ ಹೇಳ್ತಾ ಇರಿ." ಎರಡನೆಯದು, ಹಸಿರು ಅಂಗಿಯವಳು ಕಂಪ್ಯೂಟರ್ ಆಡಿಸುವ ಬೊಂಬೆ ಎಂದು ಅವರಿಗೆ ಹೇಳಿರುತ್ತೇವೆ. ಅದು ಸುಳ್ಳು. ಅವಳು ನಾನೇ. ಕೋಣೆಯ ನಡುವಿನ ಪರದೆಯ ಹಿಂದೆ ನಾನೂ ಒಂದು ಹೆಡ್‌ಸೆಟ್ ಹಾಕಿಕೊಂಡು ಕೂತಿರುತ್ತೇನೆ. ನಾನು ಕೈ ಎತ್ತಿದರೆ ಅವಳು ಎತ್ತುತ್ತಾಳೆ. ಎದುರಿಗಿರುವುದು ಯಂತ್ರ ಎಂದುಕೊಂಡಾಗ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂದು ನೋಡುವುದಕ್ಕೆ ಈ ನಾಟಕ. ಕೊನೆಯ ದಿನ ಸತ್ಯ ಹೇಳಿಬಿಡಬೇಕೆಂದು ನಿಯಮವೇ ಇದೆ.

ಮೊದಲ ವಾರ ಕಂಟ್ರೋಲರ್‌ಗಳನ್ನು ಮೇಜಿನ ಮೇಲಿಟ್ಟು ನಾನು ಪರದೆಯ ಹಿಂದಕ್ಕೆ ಹೋದೆ. ಅಥೋಲ್ ಉಣ್ಣೆಯ ಕೈಗವಸನ್ನು ತೆಗೆಯದೆಯೇ ಅವನ್ನು ಹಿಡಿದುಕೊಂಡರು. "ಡ್ರಿಲ್ ಮೆಷಿನ್ ಹಿಡಿದು ಟೀ ಮಾಡು ಅಂದಂಗಿದೆ," ಎಂದು ಗೊಣಗಿದರು. "ಕೈ ಕುಲುಕಿದ್ರೆ ಗುರ್ ಅಂತ ನಡುಗುತ್ತೆ. ಈ ಹೆಂಗಸಿಗೆ ಏನು ಚಳಿಜ್ವರವಾ?" ಪರದೆಯ ಹಿಂದೆ ನಗು ತಡೆದುಕೊಳ್ಳಲು ತುಟಿ ಕಚ್ಚಿಕೊಂಡೆ.

ಎರಡನೆಯ ವಾರ ಕಣ್ಣೋಟ. ಕಪ್ಪನ್ನು ಎರಡು ಸೆಕೆಂಡ್ ದಿಟ್ಟಿಸಿದರೆ ಅದು ತಾನೇ ಎದ್ದು ಬರುತ್ತದೆ. "ಪಬ್ಬಲ್ಲಿ ಹಿಂಗೆ ದುರುಗುಟ್ಟಿ ನೋಡಿದ್ರೆ ಬಿಯರ್ ಬರಲ್ಲಮ್ಮ, ಏಟು ಬರುತ್ತೆ," ಎಂದರು. ಆದರೂ ಅವತ್ತು ಬೇಗ ದಣಿದರು. "ಮುಟ್ಟದೆ ಮುಟ್ಟೋದು ನನಗೇನು ಹೊಸದಲ್ಲ. ಅದಕ್ಕೆ ಇಷ್ಟು ದೂರ ಬಸ್ ಹತ್ಕೊಂಡು ಬರ್ಬೇಕಾಗಿರಲಿಲ್ಲ," ಎಂದೂ ಅಂದರು. ಈ ಮಾತು ಕೆಲಸಕ್ಕೆ ಸಂಬಂಧಿಸಿದ್ದಲ್ಲ ಎಂದು ಟಿಪ್ಪಣಿಯಲ್ಲಿ ಬರೆದುಕೊಂಡೆ.

ಮೂರನೆಯ ವಾರ, "ಇವತ್ತು ಕೈಗವಸು ತೆಗೀಬೇಕು," ಎಂದೆ.

"ತೆಗೀಲೇಬೇಕಾ?"

"ಹ್ಞೂಂ. ಕ್ಯಾಮೆರಾಗೆ ಬರಿಗೈಯೇ ಬೇಕು."

ಅವರು ಕೂತೇ ಇದ್ದರು. ನಾನು ಪರದೆಯ ಹಿಂದೆ ಹೋಗುವ ತನಕ ತೆಗೆಯಲಿಲ್ಲ. ನಾನು ಹೆಡ್‌ಸೆಟ್ ಹಾಕಿಕೊಂಡು ನೋಡಿದಾಗ ಅವರು ಬಲಗೈಯನ್ನು ಮುಖದ ಹತ್ತಿರ ತಂದುಕೊಂಡಿದ್ದರು. ಅಂಗೈ ನೋಡಿದರು. ತಿರುಗಿಸಿ ಹಿಂಗೈ ನೋಡಿದರು. ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚಿದರು. ಎರಡು ನಿಮಿಷವಾದರೂ ಮಾತಿಲ್ಲ. ನಾನು ಮೈಕಿನ ಗುಂಡಿ ಒತ್ತಿದೆ.

"ಅನ್ನಿಸಿದ್ದನ್ನ ಹೇಳ್ತಾ ಇರಿ."

"ಹೇಳ್ತೀನಿ ತಡಿಯಮ್ಮ. ಎಣಿಸ್ತಾ ಇದೀನಿ."

ಕಪ್ಪುಗಳನ್ನು ಎಣಿಸುತ್ತಿದ್ದಾರೆ ಎಂದುಕೊಂಡೆ ನಾನು, ಬುದ್ಧಿವಂತೆ.

ಕೈ ಚಾಚಿದೆ. ಅವರು ಹಿಡಿದರು. ಬರಿಗೈಯ ವಿಧಾನದಲ್ಲಿ ಗುರ್ ಎನ್ನುವುದೂ ಇಲ್ಲ, ಏನೂ ಇಲ್ಲ. ಎರಡು ಕೈ ಒಂದರೊಳಗೊಂದು ಸೇರಿದ್ದು ಕಣ್ಣಿಗೆ ಕಾಣುತ್ತದೆ, ಚರ್ಮಕ್ಕೆ ಬರೀ ಗಾಳಿ. ಮೂರು ಸೆಕೆಂಡಿಗೆ ಬಿಡಬೇಕು. ಅವರು ಬಿಡಲಿಲ್ಲ. ಅವರು ಬಿಡುವ ತನಕ ನಾನೂ ಬಿಡುವ ಹಾಗಿಲ್ಲ. ಹಾಗೇ ಹಿಡಿದುಕೊಂಡೇ ಮಾತಾಡಿದರು.

"ನೋಲೀನ್ ಅಂತ ಒಬ್ಬಳಿದ್ಲು. ನಮ್ಮೂರ ಹಾಲ್‌ನಲ್ಲಿ ಶನಿವಾರ ಶನಿವಾರ ಡಾನ್ಸು. ಗಂಡಸರದ್ದೊಂದು ಸುತ್ತು, ಹೆಂಗಸರದ್ದೊಂದು ಸುತ್ತು. ಒಂದಿಷ್ಟು ಹೆಜ್ಜೆ ಆದ್ಮೇಲೆ ಜೋಡಿ ಬದಲಾಗುತ್ತೆ, ಹೊಸಬಳು ಬಂದು ಕೈ ಕೊಡ್ತಾಳೆ. ಗಾಯ ಕಟ್ಟಿದ್ದ ಪಟ್ಟಿ ಬಿಚ್ಚಿ ಮೂರು ವಾರ ಆಗಿತ್ತು. ನೋಲೀನ್ ಬಂದ್ಲು, ನನ್ನ ಕೈ ಹಿಡಿದ್ಲು, ತಟ್ಟಂತ ಬಿಟ್ಲು. ಆಮೇಲೆ ಕೋಟಿನ ತೋಳು ಹಿಡ್ಕೊಂಡ್ಲು. ಕೆಟ್ಟವಳಲ್ಲ ಪಾಪ, ಕುಣಿಯೋದೇನು ನಿಲ್ಲಿಸಲಿಲ್ಲ. ಹಿಂದಿದ್ದವಳು ಅದನ್ನ ನೋಡಿದ್ಲು, ಅವಳೂ ತೋಳೇ ಹಿಡಿದ್ಲು. ಅವಳ ಹಿಂದಿನವಳೂ ಅಷ್ಟೇ. ಆರನೆಯವಳು ಬರೋ ಹೊತ್ತಿಗೆ ನಾನು ಸುತ್ತಿನಿಂದ ಈಚೆಗೆ ಬಂದ್ಬಿಟ್ಟೆ. ಬಾಗಿಲ ಹತ್ರ ನಿಂತು ನೋಡಿದೆ. ನಾನಿದ್ದ ಜಾಗ ಖಾಲಿ ಖಾಲಿ ತಿರುಗ್ತಾ ಇತ್ತು. ಅಲ್ಲಿಗೆ ಬಂದ ಹುಡುಗೀರೆಲ್ಲ ಒಂದು ಸುತ್ತು ಗಾಳಿ ಜೊತೆ ಕುಣಿದು ಮುಂದಕ್ಕೆ ಹೋಗ್ತಿದ್ರು."

ಹಿಡಿದ ಕೈಯನ್ನು ಒಮ್ಮೆ ಮೇಲೆ ಕೆಳಗೆ ಆಡಿಸಿದರು.

"ಐವತ್ತೆರಡು ವರ್ಷ ಆಯ್ತು. ಈ ಬೊಂಬೆ ಒಳ್ಳೇದು ಕಣಮ್ಮ. ಕೈ ಎಳ್ಕೊಳ್ಳಲ್ಲ."

ಅವತ್ತಿನ ಪ್ರಶ್ನೆಪತ್ರವನ್ನು ಮೇಜಿನ ಮೇಲಿಟ್ಟು ನಾನು ಯಂತ್ರಗಳನ್ನು ನಿಲ್ಲಿಸಲು ಹೋದೆ. ವಾಪಸು ಬರುವಷ್ಟರಲ್ಲಿ ಬಲಗೈ ಜೇಬು ಸೇರಿತ್ತು. ಪತ್ರದಲ್ಲಿ ಎಲ್ಲರಿಗೂ ಕೇಳುವ ಒಂದು ಸಾಲಿದೆ: 'ಅಲ್ಲಿ ಕಂಡ ಕೈ ನನ್ನದೇ ಕೈ ಅನ್ನಿಸಿತು.' ಒಪ್ಪುವುದೇ ಇಲ್ಲ ಎಂದರೆ ಒಂದು, ಪೂರ್ತಿ ಒಪ್ಪುತ್ತೇನೆ ಎಂದರೆ ಏಳು. ಅವರು ಒಂದಕ್ಕೆ ಗುರುತು ಹಾಕಿದ್ದರು. 'ಮತ್ತೆ ಬರಲು ಇಷ್ಟಪಡುತ್ತೇನೆ' ಎಂಬುದಕ್ಕೆ ಮಾತ್ರ ಏಳು. ಇದೆಂಥ ತಲೆಬುಡವಿಲ್ಲದ ಉತ್ತರ ಎನಿಸಿತು.

ಬಾಗಿಲ ಹತ್ತಿರ ನಿಂತು ಕೇಳಿದರು: "ಮುಂದಿನ ಮಂಗಳವಾರದ ತನಕ ಕಾಯ್ಲೇಬೇಕಾ? ನಾಳೆ ಬಂದ್ರೆ ಆಗಲ್ವಾ?"

"ಇಲ್ಲ, ಒಂದು ವಾರದ ಅಂತರ ಬೇಕೇ ಬೇಕು."

"ಅದೇ ಆಟ ತಾನೇ? ಏನೂ ಬದಲಾಯಿಸಲ್ಲ ತಾನೇ?"

"ಅದೇ, ಅದೇ," ಎಂದೆ. ಆ ಕ್ಷಣಕ್ಕೆ ಅದು ನಿಜವೇ ಆಗಿತ್ತು.

ಮರುದಿನ ಅವರ ಮಾತುಗಳನ್ನು ಬರೆದುಕೊಳ್ಳಲು ವಿಡಿಯೊ ಹಾಕಿದೆ. ಮೇಜಿನ ಮೇಲೆ ತೂಗುಹಾಕಿರುವ ಕ್ಯಾಮೆರಾದ ವಿಡಿಯೊ ಅದು, ನಿಜವಾದ ಕೋಣೆಯದು. ಅಥೋಲ್ ಕೈಗವಸು ತೆಗೆದು ಪಕ್ಕಕ್ಕಿಟ್ಟರು. ಬಲಗೈಯ ಕೈಗವಸಿನ ಕೊನೆಯ ಎರಡು ಬೆರಳು, ಒಳಗೆ ಕೈ ಇಲ್ಲದಿದ್ದರೂ, ದಪ್ಪಗೆ ಉಬ್ಬಿಕೊಂಡೇ ಬಿದ್ದಿದ್ದವು. ಒಳಗೆ ಉಣ್ಣೆ ತುರುಕಿತ್ತು. ಅವರು ಮುಖದ ಹತ್ತಿರ ತಂದುಕೊಂಡ ಬಲಗೈಯಲ್ಲಿ ಉಂಗುರದ ಬೆರಳೂ ಇರಲಿಲ್ಲ, ಕಿರುಬೆರಳೂ ಇರಲಿಲ್ಲ. ಗರಗಸದ ಮಿಲ್ಲಿನಲ್ಲಿ ದುಡಿದವರು ಎಂದು ಅವರ ಅರ್ಜಿಯಲ್ಲೇ ಇತ್ತು. ಅದನ್ನು ಓದಿಯೂ ಓದದವಳು ನಾನು. ಅವರು ಆ ಲೋಕದಲ್ಲಿ ಎಣಿಸಿದ್ದು ಏನನ್ನು ಎಂದು ಆಗ ತಿಳಿಯಿತು. ಒಂದು, ಎರಡು, ಮೂರು, ನಾಲ್ಕು, ಐದು.

ವಿಡಿಯೊ ನಿಲ್ಲಿಸಿದೆ. ಎದ್ದು ಲಕ್ಲನ್‌ನ ಮೇಜಿಗೆ ಹೋದೆ. ನಮ್ಮ ಪ್ರೋಗ್ರಾಂಗಳನ್ನೆಲ್ಲ ಬರೆಯುವವನು ಅವನು. ಸ್ಕ್ಯಾಲಪ್ ಚಿಪ್ಪುಮೀನಿನ ಪೈ ತಿನ್ನುತ್ತ ವಿಡಿಯೊ ನೋಡಿದ.

"ಪ್ರೋಗ್ರಾಂಗೆ ಕಲಿಸಿರೋದೇ ಐದು ಬೆರಳಿನ ಕೈ ಕಣೇ ರೋವೆನಾ," ಎಂದ. "ಎರಡು ಬೆರಳು ಕಾಣದಿದ್ರೆ ಎಲ್ಲೋ ಮರೆಯಲ್ಲಿವೆ ಅಂದ್ಕೊಂಡು ತಾನೇ ಸೇರಿಸಿ ಬರೆದುಬಿಡುತ್ತೆ. ಮೂರೇ ಬೆರಳಿನವರೂ ಇರ್ತಾರೆ ಅಂತ ನಮಗೆ ಹೊಳೀಲೇ ಇಲ್ಲ ನೋಡು."

"ಇದು ಅವಮಾನ ಅಲ್ವೇನೋ? ನಿಮ್ಮ ಕೈ ಸರಿಯಿಲ್ಲ, ನಾವೇ ಸರಿಮಾಡಿ ತೋರಿಸ್ತೀವಿ ಅಂದ ಹಾಗೆ."

"ತಿದ್ದೋದೇನು ಅರ್ಧ ದಿನದ ಕೆಲಸ. ಅವರನ್ನೊಂದು ಮಾತು ಕೇಳಿದ್ಯಾ?"

"ಪ್ರಯೋಗದ ಮಧ್ಯದಲ್ಲಿ ಇದನ್ನೆಲ್ಲ ಮಾತಾಡೋ ಹಾಗಿಲ್ಲ, ಗೊತ್ತಲ್ಲ."

"ಗೊತ್ತು ಮಾರಾಯ್ತಿ. ಆದ್ರೂ," ಎಂದವನು ಪೈಯ ಉಳಿದ ತುಂಡನ್ನು ಬಾಯಿಗಿಟ್ಟುಕೊಂಡ. ಆದ್ರೂ ಏನು ಎಂದು ನಾನು ಕೇಳಲಿಲ್ಲ.

ನಮ್ಮ ಪ್ರೊಫೆಸರ್ ಮಾರ್ಗೋಗಂತೂ ಖುಷಿಯೋ ಖುಷಿ. ಇಂಥ ಸೂಕ್ಷ್ಮ ಯಾರ ಕಣ್ಣಿಗೂ ಬೀಳುವುದಿಲ್ಲ, ಒಂದೇ ಮನುಷ್ಯ, ತಪ್ಪು ಕೈ, ಸರಿ ಕೈ, ಹೋಲಿಸಿ ನೋಡಬಹುದು ಎಂದು ಬೆನ್ನು ತಟ್ಟಿದಳು.

ಒಳಗಿನ ಮಾತು ಹೇಳಿಬಿಡುತ್ತೇನೆ. ನನ್ನ ತಲೆಯಲ್ಲಿದ್ದದ್ದು ಸರಿ ತಪ್ಪಿನ ಪ್ರಶ್ನೆಯೊಂದೇ ಅಲ್ಲ. ಅವರ ನಿಜವಾದ ಕೈಯನ್ನು ಹಿಡಿಯಬೇಕು, ಹಿಡಿದು ಬಿಡದೇ ಇರಬೇಕು ಎಂಬ ಆಸೆ ಹುಟ್ಟಿಬಿಟ್ಟಿತ್ತು. ಆ ಹಾಲ್‌ನ ಹುಡುಗಿಯರು ಮಾಡದೇ ಇದ್ದದ್ದನ್ನು ನಾನು ಮಾಡಿ ತೋರಿಸುತ್ತೇನೆ ಎಂಬ ಜಂಬ. ಜೊತೆಗೆ ಇನ್ನೊಂದು. ನನ್ನೊಡನೆ ಬಾಳುತ್ತಿದ್ದ ಗ್ಯಾರೆತ್ ಏಪ್ರಿಲ್‌ನಲ್ಲಿ ತನ್ನ ಸಾಮಾನು ಕಟ್ಟಿಕೊಂಡು ಹೊರಟುಹೋದ ಮೇಲೆ ಮೂನಾ ಬಡಾವಣೆಯ ಮನೆಯಲ್ಲಿ ನಾನೊಬ್ಬಳೇ. ಬೆಳಿಗ್ಗೆ ಅಂಗಡಿಯವನು ಕಾಫಿ ಕೊಡುವಾಗ ಬೆರಳು ತಾಗಿದರೆ ಅದೇ ಆ ದಿನದ ಸ್ಪರ್ಶ. ಆ ವಾರವಿಡೀ ನನ್ನ ಕೈ ಹಿಡಿದವರು ಅಥೋಲ್ ಒಬ್ಬರೇ. ಅವರೂ ಹಿಡಿದದ್ದು ನನ್ನದೆಂದು ತಿಳಿದಲ್ಲ.

ನಾಲ್ಕನೆಯ ಮಂಗಳವಾರ ಹತ್ತು ಗಂಟೆಯ ಹೊತ್ತಿಗೆ ಅವರು ಬರಬೇಕಿತ್ತು. ಒಂಬತ್ತೂಕಾಲಿಗೇ ಬಂದು ಕೂತಿದ್ದರು. ಕೂದಲು ಕತ್ತರಿಸಿಕೊಂಡಿದ್ದರು. ಇಸ್ತ್ರಿಯ ಗೆರೆ ಎದ್ದು ಕಾಣುವ ಅಂಗಿ. ಎಡಗೈಯಿಂದ ಒಂದು ಚೀಲ ಸೇಬನ್ನು ಮೇಜಿನ ಮೇಲಿಟ್ಟರು.

"ನಮ್ಮ ಹಿತ್ತಲದ್ದು. ನಿಂಗಿರಲಿ. ಆ ಬೊಂಬೆಗೆ ಕೊಡೋಣ ಅಂದ್ರೆ ಅದು ತಿನ್ನಲ್ಲ."

ನಕ್ಕರು. ಅವರು ನಕ್ಕದ್ದನ್ನು ನೋಡಿದ್ದು ಅದೇ ಮೊದಲು. ನಾನು ಬೆನ್ನು ತಿರುಗಿಸುತ್ತಿದ್ದ ಹಾಗೇ ಕೈಗವಸು ಎಳೆದು ತೆಗೆದ ಸದ್ದು ಕೇಳಿಸಿತು.

ಹೆಡ್‌ಸೆಟ್ ಹಾಕಿಕೊಂಡೆ. ಅಡುಗೆಮನೆ ಬಂತು, ಮೇಜು ಬಂತು. ಅಥೋಲ್ ಬಲಗೈ ಎತ್ತಿದರು. ಲಕ್ಲನ್ ಅಚ್ಚುಕಟ್ಟಾಗಿ ಕೆಲಸ ಮಾಡಿದ್ದ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಅಲ್ಲಿಗೆ ಮುಗಿಯಿತು. ಗಾಯದ ಅಂಚಿನ ದುಂಡನ್ನೂ ವಿಡಿಯೊ ನೋಡಿ ಹಾಗೇ ತಂದಿದ್ದ.

ಅವರು ನೋಡಿದರು. ತಿರುಗಿಸಲಿಲ್ಲ, ಎಣಿಸಲಿಲ್ಲ.

ನಾನು ಕಾತರದಿಂದ ಕೈ ಚಾಚಿದೆ. ಹಿಡಿಯಿರಿ, ನಾನು ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಕೂಗಿಕೊಂಡೆ. ಅವರ ಕೈ ಕೆಳಗಿಳಿಯಿತು, ಇಳಿದು ಕಾಣದಾಯಿತು. ಜೇಬಿನೊಳಗೆ ಹೋದ ಕೈಯನ್ನು ಕ್ಯಾಮೆರಾ ನೋಡಲಾರದು, ಹಾಗಾಗಿ ಆ ಲೋಕದಲ್ಲಿ ಅವರಿಗೆ ಬಲಗೈಯೇ ಇಲ್ಲದಂತಾಯಿತು. ಎದುರಿಗಿರುವವರು ಹಿಡಿಯುವ ತನಕ ಹಸಿರು ಅಂಗಿಯವಳು ಕೈ ಚಾಚಿಕೊಂಡೇ ಇರಬೇಕು ಎಂದು ನಿಯಮ ಬರೆದವಳು ನಾನೇ. ಚಾಚಿಕೊಂಡೇ ಇದ್ದೆ. ತೋಳು ಸೋತು ನಡುಗತೊಡಗಿತು. ಅವಳ ಕೈಯೂ ನಡುಗಿತು.

ನಾನು ಮಾಡಬಹುದಾಗಿದ್ದದ್ದು ಎಷ್ಟೋ ಇತ್ತು. ಎದ್ದು ಪರದೆ ಸರಿಸಬಹುದಿತ್ತು. ತಪ್ಪಾಯಿತು ಎನ್ನಬಹುದಿತ್ತು. ನಾನು ಮೈಕಿನ ಗುಂಡಿ ಒತ್ತಿದೆ.

"ಅನ್ನಿಸಿದ್ದನ್ನ ಹೇಳ್ತಾ ಇರಿ."

"ಏನು ಹೇಳ್ಲಮ್ಮ? ಇಲ್ಲೂ ಗೊತ್ತಾಗೋಯ್ತು ಅಂತ ಹೇಳ್ಲಾ?"

ಆಮೇಲೆ ಎಡಗೈ ಒಂದರಿಂದಲೇ ಎರಡು ಕಪ್ಪು, ಎರಡು ಚಮಚ, ಹಾಲಿನ ಜಗ್ ಎಲ್ಲವನ್ನೂ ನೀಟಾಗಿ ಜೋಡಿಸಿದರು. ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವವರಲ್ಲ. ನನ್ನ ಚಾಚಿದ ಕೈಯನ್ನು ಸುತ್ತುಹಾಕಿಕೊಂಡು, ಅದಕ್ಕೆ ತಾಗದ ಹಾಗೆ, ನನ್ನ ಮುಂದೆ ನನ್ನ ಕಪ್ಪಿಟ್ಟರು.

ಹೊರಗೆ ಬಂದು ಎದುರು ಕೂತಾಗ ಅವರು ಎರಡೂ ಕೈಗವಸು ಹಾಕಿಕೊಂಡಿದ್ದರು. ನಿಯಮದ ಪ್ರಕಾರ ಸತ್ಯ ಹೇಳಬೇಕಿತ್ತು, ಹೇಳಿದೆ.

"ಆ ಹಸಿರು ಅಂಗಿಯವಳು ಬೊಂಬೆ ಅಲ್ಲ ಅಥೋಲ್. ಪರದೆ ಹಿಂದೆ ಕೂತು ನಾನೇ ಆಡಿಸ್ತಾ ಇದ್ದೆ."

ಬಹಳ ಹೊತ್ತು ಕೈಗವಸನ್ನೇ ನೋಡಿದರು.

"ಹೋದ ವಾರಾನೂ?"

"ಹ್ಞೂಂ."

"ಅಷ್ಟು ಹೊತ್ತು ಹಿಡ್ಕೊಂಡಿದ್ದು ನಿನ್ನ ಕೈಯಾ?"

"ಹ್ಞೂಂ. ನನ್ನದೇ."

"ಮತ್ತೆ ಬೆರಳು ತೆಗೆಸಿದ್ದು?"

"ಅದೂ ನಾನೇ. ನಿಮ್ಮ ಕೈ ಹೇಗಿದೆಯೋ ಹಾಗೇ ಕಾಣಲಿ ಅಂತ. ಇಲ್ಲದ್ದನ್ನ ತೋರಿಸೋದು ತಪ್ಪು ಅನ್ನಿಸ್ತು."

"ಹೇಗಿದೆ ಅಂತ ನಂಗೆ ಗೊತ್ತಿತ್ತಲ್ಲಮ್ಮ," ಎಂದರು.

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅದೇ ಹೊತ್ತಿನಲ್ಲಿ ಕೈ ಚಾಚಬೇಕಿತ್ತು. ಪರದೆಯಿಲ್ಲ, ಹೆಡ್‌ಸೆಟ್ ಇಲ್ಲ, ನಡುವೆ ಒಂದು ಚೀಲ ಸೇಬು, ಅಷ್ಟೇ. ನನ್ನ ಬಲಗೈಯಲ್ಲಿ ಪೆನ್ನಿತ್ತು. ಮೊದಲ ದಿನದ ಹಾಗೆ ಮತ್ತೆ ಗಾಳಿಗೆ ಚಾಚಿದ ಕೈಯಾಗುತ್ತದೇನೋ ಎಂದು ಹೆದರಿಕೆಯಾಯಿತು. ಪೆನ್ನನ್ನು ಅವರ ಮುಂದಿಟ್ಟೆ. ಅವರು ಎಡಗೈಯಲ್ಲಿ ಅದನ್ನು ಹಿಡಿದು ಪ್ರಶ್ನೆಪತ್ರ ತುಂಬಿದರು.

'ಅಲ್ಲಿ ಕಂಡ ಕೈ ನನ್ನದೇ ಕೈ ಅನ್ನಿಸಿತು.' ಏಳು.

"ಅದರಲ್ಲೇನೂ ಅನುಮಾನ ಇಲ್ಲ. ನಂದೇ," ಎಂದು ಎದ್ದು ಹೊರಟರು. 'ಮತ್ತೆ ಬರಲು ಇಷ್ಟಪಡುತ್ತೇನೆ' ಎಂಬುದಕ್ಕೆ ಏನೂ ಗುರುತು ಹಾಕಿರಲಿಲ್ಲ.

ನಮ್ಮ ಪ್ರಬಂಧಕ್ಕೆ ಒಳ್ಳೆಯ ಹೆಸರು ಬಂತು. ಕೈಯನ್ನು ಇದ್ದ ಹಾಗೇ ತೋರಿಸಿದರೆ ಅದು ತನ್ನದೆಂಬ ಭಾವ ಹೆಚ್ಚುತ್ತದೆ ಎಂಬುದಕ್ಕೆ ಹದಿನಾಲ್ಕನೆಯವರು, ಪ್ರಬಂಧದಲ್ಲಿ ಅಥೋಲ್‌ಗೆ ಹೆಸರಿಲ್ಲ, ಸಂಖ್ಯೆ ಮಾತ್ರ, ಎಲ್ಲರಿಗಿಂತ ಬಲವಾದ ಉದಾಹರಣೆ. ಒಂದರಿಂದ ಏಳಕ್ಕೆ! ಅಷ್ಟು ಎತ್ತರಕ್ಕೆ ಏರಿದವರು ಬೇರೆ ಯಾರೂ ಇಲ್ಲ. ಗ್ರಾಫಿನಲ್ಲಿ ಅವರನ್ನು ತೋರಿಸುವ ಚುಕ್ಕೆಗೆ ಮಾರ್ಗೋ ಕಿತ್ತಳೆ ಬಣ್ಣ ಹಾಕಿಸಿದಳು. ಬಲಗೈ ನಾಲ್ಕು ನಿಮಿಷ ಹತ್ತು ಸೆಕೆಂಡ್ ಕ್ಯಾಮೆರಾಗೆ ಸಿಕ್ಕಿರಲಿಲ್ಲ ಎಂದು ಯಂತ್ರ ದಾಖಲಿಸಿತ್ತು. ಅದನ್ನು ತಾಂತ್ರಿಕ ದೋಷ ಎಂದು ಅಡಿಟಿಪ್ಪಣಿಯಲ್ಲಿ ಸೇರಿಸಿದಳು. ನಾನು ಬಾಯಿ ಬಿಡಲಿಲ್ಲ.

ಪ್ರಯೋಗ ಮುಗಿದ ಮೇಲೆ ಯಾವ ಸಂಖ್ಯೆ ಯಾರದೆಂಬ ಪಟ್ಟಿಯನ್ನು ನಾಶಮಾಡಬೇಕು, ಅವರನ್ನು ಮತ್ತೆ ಹುಡುಕಿಕೊಂಡು ಹೋಗಬಾರದು. ಕಾಗದ ಕತ್ತರಿಸುವ ಯಂತ್ರಕ್ಕೆ ಆ ಪಟ್ಟಿಯನ್ನು ಹಾಕಿದವಳೂ ನಾನೇ. ಹೆಸರು ಮರೆಯುವುದು ಮಾತ್ರ ಯಂತ್ರದ ಕೆಲಸವಲ್ಲ. ಒಂದು ಭಾನುವಾರ ಕಾರು ಹತ್ತಿ ಗೀವ್ಸ್‌ಟನ್ ದಾರಿಯಲ್ಲಿರುವ ಹ್ಯೂವನ್‌ವಿಲ್ ತನಕ ಹೋದೆ. ಸೇತುವೆಯ ಹತ್ತಿರ ನಿಲ್ಲಿಸಿ, ಹೋಗಿ ಏನೆಂದು ಹೇಳುವುದು ಎಂದು ಯೋಚಿಸಿದೆ. ಹಿಂದಕ್ಕೆ ಬಂದೆ. ಸೇಬುಗಳನ್ನು ಒಂದೊಂದಾಗಿ ತಿಂದು ಮುಗಿಸಿದೆ, ಕೊನೆಗೆ ಉಳಿದದ್ದು ಸುಕ್ಕುಗಟ್ಟಿತ್ತು, ಅದನ್ನೂ ತಿಂದೆ.

ಕಳೆದ ಮಂಗಳವಾರ ಹತ್ತು ಗಂಟೆಗೆ ಯಾರೂ ಬರುವವರಿರಲಿಲ್ಲ. ಹಳೆಯ ಪ್ರೋಗ್ರಾಂ ಇನ್ನೂ ಇದೆಯಾ ಎಂದು ಲಕ್ಲನ್‌ನನ್ನು ಕೇಳಿದೆ. ಯಾಕೆ ಎಂದು ಅವನು ಕೇಳಲಿಲ್ಲ, ಹಾಕಿಕೊಟ್ಟು ಕಾಫಿಗೆ ಹೋದ. ಅಥೋಲ್ ಕೂರುತ್ತಿದ್ದ ಕುರ್ಚಿಯಲ್ಲಿ ಕೂತು ಹೆಡ್‌ಸೆಟ್ ಹಾಕಿಕೊಂಡೆ. ಅಡುಗೆಮನೆ ಬಂತು, ಮೇಜು ಬಂತು. ಎದುರಿಗೆ ಹಸಿರು ಅಂಗಿಯವಳು ಕೂತಿದ್ದಳು. ನಾಲ್ಕು ವಾರ ಅವಳೊಳಗೇ ಇದ್ದ ನಾನು ಅವಳ ಮುಖವನ್ನು ಸರಿಯಾಗಿ ನೋಡಿದ್ದು ಅವತ್ತೇ. ಒಳ್ಳೆಯ ಮುಖ. ಯಾರಿಗಾದರೂ ಕೈ ಕೊಡಬೇಕೆನಿಸುವ ಮುಖ.

ನಾನು ಬಲಗೈ ಚಾಚಿದೆ. ಅವಳ ಕೈಗಳು ಮೇಜಿನ ಮೇಲೆ ಅಲ್ಲಾಡದೆ ಬಿದ್ದಿದ್ದವು. ಪರದೆಯ ಹಿಂದಿನ ಕುರ್ಚಿ ಖಾಲಿಯಿತ್ತು. ಅಲ್ಲಿ ಕೂತು ಕೈ ಎತ್ತಬೇಕಾದವಳು ಈ ಕಡೆ ಕೂತಿದ್ದಳು. ಅದು ನನಗೆ ಗೊತ್ತಿತ್ತು. ಆದರೂ ತೋಳು ನಡುಗುವ ತನಕ ಚಾಚಿಕೊಂಡೇ ಇದ್ದೆ, ಆಮೇಲೆ ಕೈಯನ್ನು ಜೇಬಿನಲ್ಲಿಟ್ಟುಕೊಂಡೆ.